ಹೆಸರಿನೊಳಗೆ ಮೂಡುವ ಪ್ರಶ್ನಾರ್ಥಕ ಚಿಹ್ನೆಗಳ ಕುರಿತು

ನೋಂದಣಿ ಕಚೇರಿ, ಕೊಕ್-ಬೆಲ್ ಪಟ್ಟಣ, ಕಿರ್ಗಿಸ್ತಾನ
ಸುತ್ತೋಲೆ ಸಂಖ್ಯೆ: ನೋಂ.ಕ./ಗಣಕ/೧೭ (ಸಂಖ್ಯೆ ೧೬ನ್ನು ತೆರೆಯಲು ಹೊಸ ಯಂತ್ರ ನಿರಾಕರಿಸಿದೆ)

ವಿಷಯ: ಹಳೆಯ ಗಣಕಯಂತ್ರಗಳಿಂದ ಹೊಸ ಬಗೆಯವಕ್ಕೆ ಬದಲಾದ ನಂತರ ನಾಗರಿಕರ ಹೆಸರುಗಳು ಹೊಂದಿಕೆಯಾಗದಿರುವ ಬಗ್ಗೆ.
ಉಲ್ಲೇಖ: ವಿವಾಹ ನೋಂದಣಿ ಕೊಠಡಿಯಲ್ಲಿ ಕಳೆದ ಶುಕ್ರವಾರ ನಡೆದ ಗಲಾಟೆ.

೧. ಹಳೆಯ ಯಂತ್ರಗಳ ಕಡತಗಳನ್ನೆಲ್ಲ ಹೊಸ ಯಂತ್ರಗಳಿಗೆ ಸಾಗಿಸಲಾಗಿದ್ದು, ಕಿರ್ಗಿಜ್ ಭಾಷೆಗೇ ಸೇರಿದ ಮೂರು ಅಕ್ಷರಗಳು ಮಾತ್ರ ದಾರಿಯಲ್ಲೇ ಉಳಿದಿವೆ. ಅವುಗಳ ಬದಲಿಗೆ ‘?’ ಹಾಜರಾಗುತ್ತಿದೆ. ಇದನ್ನು ಯಾರೂ ದೋಷವೆಂದು ಕರೆಯಕೂಡದೆಂದು ಈ ಮೂಲಕ ಸೂಚಿಸಲಾಗಿದೆ.

೨. ಮುಂದಿನ ಆದೇಶದವರೆಗೆ ಸದರಿ ಅಕ್ಷರಗಳಿರುವ ಹೆಸರುಗಳನ್ನು ಮಕ್ಕಳಿಗೆ ಇಡತಕ್ಕದ್ದಲ್ಲ. ಈಗಾಗಲೇ ಹುಟ್ಟಿರುವವರಿಗೆ ವಿನಾಯಿತಿ ನೀಡಲಾಗಿದೆ. ಮೃತರು ತಿದ್ದುಪಡಿಗಾಗಿ ಖುದ್ದು ಬರುವ ಅಗತ್ಯವಿಲ್ಲ.

೩. ಶುಕ್ರವಾರದಂದು ಎಪ್ಪತ್ನಾಲ್ಕು ವರ್ಷದ ಕುರಿಗಾರ ಓಸ್ಕೋನ್ ಹಾಗೂ ಎಪ್ಪತ್ತೊಂದರ ವಿಧವೆ ಗ್ಯುಲ್‌ಬ್ಯುಬ್ಯು ವಿವಾಹ ನೋಂದಣಿಗೆ ಹಾಜರಾದರು. ವರನ ಮಗಳು ಜಿಪಾರ್ ಈ ಸಂಬಂಧವನ್ನು ಎಂಟು ವರ್ಷ ತಡೆದು, ಒಲ್ಲದ ಮನಸ್ಸಿನಿಂದ ಒಪ್ಪಿದ್ದಳೆಂದು ತಿಳಿದುಬಂದಿದೆ. ಗುಮಾಸ್ತೆ ಅಸಿಲ್‌ಕಾನ್ ಪ್ರಮಾಣಪತ್ರವನ್ನು ಮುದ್ರಿಸಲಾಗಿ, ‘ವರ: ?ಸ್ಕ?ನ್. ವಧು: ಗ?ಲ್‌ಬ?ಬ?’ ಎಂದು ಹೊರಬಂದಿತು.

೪. ಜಿಪಾರ್ ಅದನ್ನು ಕಸಿದುಕೊಂಡು, “ನೋಡ್ರಪ್ಪಾ! ಸರ್ಕಾರಕ್ಕೇ ಅನುಮಾನ ಬಂದಿದೆ!” ಎಂದು ಕೂಗಿದ್ದು ದಾಖಲಾಗಿದೆ. ವರನು, “ಎಂಟು ವರ್ಷ ನೀನು ಪ್ರಶ್ನೆ ಕೇಳಿದ್ದು ಸಾಲದು ಅಂತ ಈಗ ಈ ಡಬ್ಬಾನೂ ಕೇಳ್ತಿದೆಯಾ?” ಎಂದಿದ್ದು ಕೂಡ ದಾಖಲಾಗಿದೆ. ವಧುವು ತಲೆವಸ್ತ್ರವನ್ನು ಬಿಗಿದುಕೊಂಡು ಬಾಗಿಲ ಕಡೆ ನಡೆದಿರುತ್ತಾರೆ. ಹೊರಗೆ ನೆಂಟರು ಮದುವೆಗೆಂದು ಬೋರ್ಸೋಕ್ ಹಿಟ್ಟಿನುಂಡೆಗಳನ್ನು ಕರಿದು ಮುಗಿಸಿದ್ದರು.

೫. ಮೂರು ಬಾರಿ ಮರುಮುದ್ರಿಸಿದರೂ ಪ್ರಶ್ನೆಗಳು ಕಡಿಮೆಯಾಗಲಿಲ್ಲ. ಮುದುಕಿಯ ಬೆನ್ನು ಬಾಗಿಲು ದಾಟುವುದನ್ನು ಕಂಡು ಅಸಿಲ್‌ಕಾನ್ ಕುರ್ಚಿ ಬಿಟ್ಟು ಎದ್ದಳು (ಈ ಕಾರಣಕ್ಕೆ ನಿಯಮಾವಳಿಯಲ್ಲಿ ಅಂಕಣವಿಲ್ಲ). ಆಕೆ, “ಅಜ್ಜೀ, ಒಂದು ನಿಮಿಷ ನಿಂತ್ಕೊಳ್ಳಿ!” ಎಂದು ಕರೆದು, ಖಾಲಿ ನಮೂನೆಯೊಂದರ ಮೇಲೆ ಎರಡೂ ಹೆಸರುಗಳನ್ನು ಪೂರ್ತಿಯಾಗಿ ತನ್ನ ಸ್ವಂತ ಲೇಖನಿಯಿಂದ ಬರೆದು, ಅನುಮತಿಯಿಲ್ಲದೆ ಮೊಹರು ಒತ್ತಿದಳು. ವಧು ಅದನ್ನು ಬೆರಳಿಟ್ಟು ಎರಡು ಸಲ ಓದಿ, “ಹೂಂ, ಇದು ನಾನೇ” ಎಂದರು. ಅಷ್ಟರಲ್ಲಿ ಹೊರಗೆ ಹೋಗಿದ್ದ ಜಿಪಾರ್ ಬೋರ್ಸೋಕ್ ತಟ್ಟೆ ಹಿಡಿದು ತಾನೇ ಒಳಬಂದದ್ದಕ್ಕೆ ಕಾರಣ ತಿಳಿದುಬಂದಿಲ್ಲ.

೬. ಕೃತ್ಯಕ್ಕೆ ವಿವರಣೆ ಕೇಳಲಾಗಿ ಗುಮಾಸ್ತೆಯು, “ಯಂತ್ರಕ್ಕೆ ಬರಲ್ಲ, ನಂಗೆ ಬರುತ್ತೆ. ಬರ್ದೆ” ಎಂದು ಉತ್ತರಿಸಿರುತ್ತಾಳೆ. ಈ ಉತ್ತರವನ್ನು ಮೂರು ಸಭೆಗಳಲ್ಲಿ ಪರಿಶೀಲಿಸಲಾಯಿತು. ಖಂಡಿಸಲು ಸಾಧ್ಯವಾಗಲಿಲ್ಲ.

೭. ಸೋಮವಾರ ಅರವತ್ಮೂರು ನಾಗರಿಕರು, ಅವರಲ್ಲಿ ಇಲಾಖೆಯ ಮುಖ್ಯಸ್ಥರ ಅತ್ತೆಯೂ ಸೇರಿ, ಹೆಸರು ಕೈಯಲ್ಲೇ ಬರೆಸಿಕೊಳ್ಳಲು ಆಕೆಯ ಮೇಜಿನ ಮುಂದೆ ಸಾಲು ನಿಂತರು. ಅತ್ತೆಯವರು ಸಾಲಿನಲ್ಲಿ ಹೇಳಿದ್ದನ್ನು ಇಲ್ಲಿ ನಮೂದಿಸುವುದಿಲ್ಲ.

೮. ಆದುದರಿಂದ ಸದರಿ ಲೇಖನಿಯನ್ನು ಹೊಸ ಯಂತ್ರದ ಅಧಿಕೃತ ಬಿಡಿಭಾಗವೆಂದು ಘೋಷಿಸಲಾಗಿದೆ. ಅದರ ಮುಚ್ಚಳವನ್ನು ಪ್ರತಿದಿನ ಸಂಜೆ ಹಾಕುವುದನ್ನು ಯಂತ್ರ ಸ್ಥಗಿತಗೊಳಿಸುವಿಕೆ ಎಂದು ಓದಿಕೊಳ್ಳತಕ್ಕದ್ದು. ಶಾಯಿ ಮುಗಿದಲ್ಲಿ ಯಂತ್ರ ಕೆಟ್ಟಿದೆಯೆಂದು ಭಾವಿಸತಕ್ಕದ್ದು.

ಸಹಿ/-
ಮುಖ್ಯಸ್ಥರು (ಅತ್ತೆಯವರ ಸಮ್ಮುಖದಲ್ಲಿ)

ಪ್ರತಿಗಳು:
೧. ಹೊಸ ಯಂತ್ರಗಳನ್ನು ಪೂರೈಸಿದವರಿಗೆ, ಕೈಬರಹದಲ್ಲಿ.
೨. ಅಸಿಲ್‌ಕಾನ್ ಅವರಿಗೆ, ಒಂದು ಬಾಟಲಿ ಶಾಯಿಯೊಂದಿಗೆ.
೩. ಓಸ್ಕೋನ್ ಮತ್ತು ಗ್ಯುಲ್‌ಬ್ಯುಬ್ಯು ದಂಪತಿಗೆ. ಕುರಿಗಳೊಂದಿಗೆ ಬೇಸಿಗೆಯ ಹುಲ್ಲುಗಾವಲಿಗೆ ತೆರಳಿರುವುದರಿಂದ ತಲುಪಿಸಲಾಗಿಲ್ಲ. ಹಿಂಬಾಲಿಸಬಾರದೆಂದು ಸೂಚಿಸಲಾಗಿದೆ.