ರಿಸೆಪ್ಷನ್ನಿನಲ್ಲಿ ಒಂದು ಜಾಗ

ಹೆಂಡತಿಗೆ ಉಗಾಂಡದ ಕಂಪಾಲಾಕ್ಕೆ ಮೂರು ವರ್ಷದ ಮಟ್ಟಿಗೆ ವರ್ಗವಾಗುವ ಸುದ್ದಿ ಬಂದ ದಿನವೇ ರೇಣುಕಾಪ್ರಸಾದ್ ಮುದ್ದೆ ಮುರಿಯುತ್ತ ಘೋಷಿಸಿಬಿಟ್ಟ.

"ವೀಸಾ, ಟಿಕೆಟ್ಟು, ಮನೆ ಬಾಡಿಗೆ ಎಲ್ಲಾ ನೀನು ನೋಡ್ಕೋ ಸುಮನಾ. ಪುಟ್ಟಿ ಸ್ಕೂಲಿನ ವಿಷ್ಯ ಮಾತ್ರ ನನಗೆ ಬಿಡು. ಆ ಕಡೆ ನೀನು ತಲೇನೇ ಹಾಕ್ಬೇಡ."

ಜಂಬಕ್ಕೆ ಕಾರಣವಿಲ್ಲದೆ ಇರಲಿಲ್ಲ. ಬಟವಾಡಿಯ ಖಾಸಗಿ ಪಿಯು ಕಾಲೇಜೊಂದರಲ್ಲಿ ಅವನು ಇಂಗ್ಲಿಷ್ ಉಪನ್ಯಾಸಕ. ಪ್ರತಿ ಬೇಸಿಗೆಯಲ್ಲಿ ಅಡ್ಮಿಷನ್ ಮೇಜಿನ ಹಿಂದೆ ಕೂತು, ಎದುರಿಗೆ ಕೂತ ಅಪ್ಪ ಅಮ್ಮಂದಿರ ಬೆವರಿಳಿಸಿ ಅಭ್ಯಾಸವಿದ್ದವನು. ನೆಂಟರು ಮದುವೆ ಪತ್ರಿಕೆ ತಂದುಕೊಟ್ಟರೂ ಮೊದಲು ಅದರ ಇಂಗ್ಲಿಷ್ ತಪ್ಪು ತಿದ್ದಿ, ಆಮೇಲೆ ಹುಡುಗಿ ಯಾರು ಅಂತ ಕೇಳುವವನು. ಇಂಥವನಿಗೆ ಬ್ರಿಟಿಷ್ ಪಠ್ಯಕ್ರಮದ ಶಾಲೆಯೊಂದನ್ನು ಆರಿಸುವುದು ಯಾವ ಮಹಾ ಕೆಲಸ?

ಸುಮನಾ ಹಿರೇಹಳ್ಳಿಯ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಎಂಜಿನಿಯರ್. ಅವರ ಕಂಪನಿ ಕಂಪಾಲಾದಲ್ಲಿ ಹೊಸ ಘಟಕ ತೆರೆಯುತ್ತಿತ್ತು. ಹೋಗಲು ಅವಳಿಗೆ ಆಸೆ ಬೆಟ್ಟದಷ್ಟು, ಅಂಜಿಕೆ ಒಂದೇ ಒಂದು. ಅದು ಇಂಚರ. ನಾಲ್ಕು ತುಂಬಿದ ಮಗಳು ಮನೆಯೊಳಗೆ ಬಾಯಿ ಮುಚ್ಚುತ್ತಿರಲಿಲ್ಲ, ಹೊಸಿಲು ದಾಟಿದರೆ ಬಾಯಿ ಬಿಡುತ್ತಿರಲಿಲ್ಲ. ನರ್ಸರಿಯಲ್ಲಿ ಗಿಜಿಗುಡುವ ಮಕ್ಕಳ ನಡುವೆ ಮೂಲೆ ಹಿಡಿದು ಕೂರುತ್ತಿದ್ದಳು. "ನಿಮ್ಮ ಮಗೂಗೆ ಮಾತು ಬರುತ್ತಾ?" ಎಂದು ಅಲ್ಲಿನ ಮಿಸ್ಸು ಕೇಳಿದ ದಿನ ಸುಮನಾ ಮನೆಗೆ ಬಂದು ಅತ್ತಿದ್ದಳು.

"ಅವಳಿಗೆ ಹೊಂದೋ ಸಣ್ಣ ಸ್ಕೂಲು ಸಿಕ್ಕಿದ್ರೆ ಹೋಗೋಣ. ಇಲ್ಲಾಂದ್ರೆ ಆಫೀಸಲ್ಲಿ ಆಗಲ್ಲ ಅಂತ ಹೇಳ್ಬಿಡ್ತೀನಿ," ಎಂದಳು.

"ಸಿಕ್ಕಿತು ಅಂತಾನೇ ಇಟ್ಕೋ," ಎಂದ ರೇಣುಕಾಪ್ರಸಾದ್.

ಹುಡುಕಾಟ ಶುರುವಾಯಿತು. ಲ್ಯಾಪ್‌ಟಾಪಿನಲ್ಲಿ ಕಂಡ ಶಾಲೆಗಳಲ್ಲೆಲ್ಲ ಹುಲ್ಲು ಒಂದೇ ಹಸಿರು, ಮಕ್ಕಳದೆಲ್ಲ ಒಂದೇ ನಗು. ಒಂದರಲ್ಲಿ ಈಜುಕೊಳ, ಇನ್ನೊಂದರಲ್ಲಿ ಕುದುರೆ ಸವಾರಿ. ಕುಣಿಗಲ್ಲಿನಲ್ಲಿದ್ದ ತಾಯಿ ಶಕುಂತಲಮ್ಮನಿಗೆ ಫೋನು ಮಾಡಿ ವರ್ಣಿಸಿದರೆ ಆಕೆ, "ಕುದ್ರೆ ನೋಡಕ್ಕೆ ಆಫ್ರಿಕಾಕ್ಕೆ ಯಾಕ್ಲಾ ಹೋಗ್ಬೇಕು? ಕುಣಿಗಲ್ ಕುದ್ರೆ ಫಾರಂಗೆ ಕರ್ಕೊಂಡು ಬಾ," ಎಂದರು.

"ಅಮ್ಮಾ, ಸಣ್ಣದೊಂದು ನೋಡಿದೀನಿ. ಡೇ ಸ್ಕೂಲು."

"ಅಂದ್ರೆ ಮಿಕ್ಕಿದ್ದೆಲ್ಲ ರಾತ್ರಿ ಹೊತ್ತು ನಡೀತವಾ?"

ಆ ಸಣ್ಣ ಶಾಲೆಯೇ ಅವನ ಮನಸ್ಸಿಗೂ ಬಂದಿತ್ತು. ಹೆಂಚಿನ ಕಟ್ಟಡ, ಅಂಗಳದಲ್ಲೊಂದು ಮಾವಿನಮರ, ಎಲ್ಲ ಮಕ್ಕಳೂ ಒಂದೇ ಫೋಟೋದೊಳಗೆ ಹಿಡಿಸುವಷ್ಟೇ ಮಂದಿ. ಆದರೆ ಅಲ್ಲಿನ ಭಾಷೆ ಮಾತ್ರ ವಿಚಿತ್ರವಾಗಿತ್ತು. ಇಯರ್ ಟೂ ಎಂದರೆ ಎರಡನೇ ಕ್ಲಾಸಲ್ಲವಂತೆ, ಒಂದನೆಯದಂತೆ. ಮತ್ತೆ ಕೀ ಸ್ಟೇಜ್ ಒನ್, ಕೀ ಸ್ಟೇಜ್ ಟೂ.

"ಕೀ ಸ್ಟೇಜ್ ಅಂದ್ರೇನ್ರೀ?" ಎಂದು ಸುಮನಾ ಇಣುಕಿದಳು.

"ಮುಖ್ಯ ವೇದಿಕೆ," ಎಂದ ತಡವರಿಸದೆ. "ಎರಡು ವೇದಿಕೆ ಕಟ್ಸಿದಾರೆ. ಡ್ಯಾನ್ಸು, ನಾಟಕ ಜಾಸ್ತಿ ಇರ್ಬೇಕು."

ಅರ್ಜಿ ಕಳಿಸಿದ ಮರುವಾರ ಶಾಲೆಯಿಂದ ಉತ್ತರ ಬಂತು. 'ಇಂಚರಳಿಗೆ ನಮ್ಮ ರಿಸೆಪ್ಷನ್ನಿನಲ್ಲಿ ಒಂದು ಜಾಗ ನೀಡಲು ಸಂತೋಷಪಡುತ್ತೇವೆ.' ರೇಣುಕಾಪ್ರಸಾದ್ ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಅವನ ಕಾಲೇಜಿನಲ್ಲೂ ರಿಸೆಪ್ಷನ್ ಇತ್ತು. ಒಂದು ಕೌಂಟರು, ಒಂದು ಫೋನು, ಸೀಟು ಸಿಗದ ಹುಡುಗರು ಕಾಯುತ್ತ ಕೂರುವ ಬೆಂಚು. ಆ ಬೆಂಚಿನ ತುದಿಯಲ್ಲಿ ಕಾಲು ನೆಲಕ್ಕೆ ತಾಗದೆ ಕೂತ ಇಂಚರ ಕಣ್ಣ ಮುಂದೆ ಬಂದಳು.

ಹೆಂಡತಿಗೆ ತೋರಿಸದೆ, ಕೂತಲ್ಲೇ ಉತ್ತರ ಜಡಿದ. ತನಗೆ ಗೊತ್ತಿದ್ದ ಉದ್ದುದ್ದ ಪದಗಳನ್ನೆಲ್ಲ ದುಡಿಸಿಕೊಂಡ. 'ನನ್ನ ಸುಪುತ್ರಿಯು ರಿಸೆಪ್ಷನ್ನಿನಲ್ಲಿ ಕೂರಲು ಜನಿಸಿದವಳಲ್ಲ. ಒಳಗೆ ಕೂರಿಸುವುದಾದರೆ ತಿಳಿಸಿ' ಎಂಬುದು ಅದರ ಸಾರಾಂಶ. ಸಿಟ್ಟು ಅಲ್ಲಿಗೂ ಇಳಿಯದೆ ತಾಯಿಗೆ ಫೋನು ಮಾಡಿದ. ಕುಣಿಗಲ್ಲಿನಲ್ಲಿ ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು. ಆಕೆಗೆ ನೆಟ್ಟಗೆ ಕೇಳಿಸಿದ್ದು ಎರಡೇ ತುಂಡು: "ರಿಸೆಪ್ಷನ್ನು" ಮತ್ತು "ನಾನು ಬೇಡವೇ ಬೇಡ ಅಂತ ಹೇಳಿದೀನಿ."

ಎರಡು ದಿನಕ್ಕೆ ಶಾಲೆಯ ಮುಖ್ಯಸ್ಥೆಯಿಂದಲೇ ಮರುಪತ್ರ. 'ರಿಸೆಪ್ಷನ್ ಬೇಡವಾದರೆ ಆ ಜಾಗಕ್ಕೆ ಬೇರೆ ಮಗು ಕಾಯುತ್ತಿದೆ. ತೀರ್ಮಾನಿಸುವ ಮುಂಚೆ ಒಮ್ಮೆ ವಿಡಿಯೋದಲ್ಲಿ ಮಾತಾಡೋಣವೇ?'

ಈಗ ಸುಮನಾಗೆ ವಿಷಯ ಗೊತ್ತಾಗಲೇಬೇಕಾಯಿತು. ಗಂಡನ ಪತ್ರ ಓದಿದವಳು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು.

"ಏನ್ರೀ ಇದು? ಸಿಕ್ಕಿದ್ದ ಸೀಟನ್ನ ನೀವೇ ಬೇಡ ಅಂದಿದೀರಾ?"

"ಸೀಟೆಲ್ಲಿ ಸಿಕ್ತು? ಬೆಂಚು ಸಿಕ್ತು. ಆ ಬೆಂಚಿಗೂ ಕ್ಯೂ ಇದೆಯಂತೆ ನೋಡು."

"ರಿಸೆಪ್ಷನ್ ಅಂದ್ರೆ ಅಲ್ಲಿ ಬೇರೇನಾದ್ರೂ ಇರ್ಬೋದು. ಒಂದ್ಸಲ ಹುಡುಕಿ ನೋಡ್ಬಾರ್ದಾ?"

"ಇಂಗ್ಲಿಷ್ ಪದಕ್ಕೆ ನಾನು ಅರ್ಥ ಹುಡುಕ್ಬೇಕಾ?" ಎಂದು ರೇಣುಕಾಪ್ರಸಾದ್ ನಕ್ಕ. ಸುಮನಾ ನಗಲಿಲ್ಲ. ಸೋಮವಾರ ಅವಳು ಆಫೀಸಿಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು.

ಗುರುವಾರ ಮಧ್ಯಾಹ್ನ ಇಬ್ಬರೂ ಅರ್ಧ ದಿನ ರಜೆ ಹಾಕಿ, ಸದಾಶಿವನಗರದ ಮನೆಯ ಹಾಲಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತರು. ಇಂಚರ ಸೋಫಾದ ಹಿಂದೆ ಅವಿತಳು. ಬ್ರಿಟಿಷ್ ಶಾಲೆಯೆಂದ ಮೇಲೆ ಬಿಳಿ ದೊರೆಸಾನಿಯೊಬ್ಬಳು ಬರುತ್ತಾಳೆಂದು ರೇಣುಕಾಪ್ರಸಾದ್ ಟೈ ಬಿಗಿದುಕೊಂಡಿದ್ದ. ಪರದೆಯ ಮೇಲೆ ಬಂದದ್ದು ದುಂಡುಮುಖದ, ಬಣ್ಣಬಣ್ಣದ ತಲೆವಸ್ತ್ರ ಕಟ್ಟಿದ ಕಂಪಾಲಾದ ಹೆಂಗಸು, ಮಿಸೆಸ್ ನಕಾಟೊ. ಅವರ ಇಂಗ್ಲಿಷ್ ನಿಧಾನ, ಸ್ಪಷ್ಟ.

"ನಿಮ್ಮ ಪತ್ರ ಓದಿದೆ. ಅರ್ಥವಾಗಲಿ ಅಂತ ಮತ್ತೊಮ್ಮೆ ಓದಿದೆ," ಎಂದರು. "ರಿಸೆಪ್ಷನ್ ಯಾಕೆ ಬೇಡ? ನಮ್ಮ ರಿಸೆಪ್ಷನ್ ತುಂಬ ಚೆನ್ನಾಗಿದೆ. ಆಡಲು ಮರಳಿದೆ, ನೀರಿದೆ, ಎರಡು ಮೊಲ ಇವೆ."

ರೇಣುಕಾಪ್ರಸಾದ್ ಹೆಂಡತಿಯ ಕಿವಿಗೆ ಬಗ್ಗಿದ. "ಕೌಂಟರ್ ಹತ್ರ ಮೊಲ ಸಾಕಿದಾರಂತೆ ಕಣೇ." ಆಮೇಲೆ ಟೈ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಕೇಳಿದ: "ಮೇಡಂ, ಮಗು ರಿಸೆಪ್ಷನ್ನಿನಲ್ಲಿ ಎಷ್ಟು ಹೊತ್ತು ಕೂರಬೇಕು?"

ಮಿಸೆಸ್ ನಕಾಟೊಗೆ ಪ್ರಶ್ನೆ ವಿಚಿತ್ರವೆನಿಸಿತು. "ಹೊತ್ತು? ಒಂದು ವರ್ಷ."

"ಒಂದು ವರ್ಷ?"

"ಎಲ್ಲ ಮಕ್ಕಳೂ ಒಂದು ವರ್ಷವೇ."

ಉಗಾಂಡದ ಮಕ್ಕಳೆಲ್ಲ ವರ್ಷಗಟ್ಟಲೆ ಕೌಂಟರಿನ ಮುಂದೆ ಮೊಲ ಆಡಿಸುತ್ತ ಕಾಯುವ ದೃಶ್ಯ ನೆನೆದು ಅವನ ತಲೆ ಗಿರ್ರೆಂದಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಸುಮನಾ ಎದ್ದು ತೆಗೆದರೆ ಗುಬ್ಬಿಯಿಂದ ಸಿದ್ಧಗಂಗಮ್ಮ ಬಂದಿದ್ದರು. ಶಕುಂತಲಮ್ಮನ ಅಕ್ಕ, ರೇಣುಕಾಪ್ರಸಾದನ ದೊಡ್ಡಮ್ಮ. ಮೈಮೇಲೆ ರೇಷ್ಮೆ ಸೀರೆ, ಮುಡಿ ತುಂಬ ಹೂವು, ಕೈಯಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬ.

"ಏನ್ಲಾ ಪ್ರಸಾದ, ಹೆಂಡ್ತಿ ಹೊರದೇಶಕ್ಕೆ ಹೋಗ್ತಾವ್ಳೆ ಅಂತ ಅವ್ಳ ಆಫೀಸ್ನೋರು ರಿಸೆಪ್ಷನ್ ಮಡಗಿದ್ರೆ ನೀನು ಬ್ಯಾಡ ಅಂದ್ಯಂತೆ? ನಿಮ್ಮವ್ವ ಫೋನ್ನಲ್ಲಿ ಕಣ್ಣೀರು ಹಾಕಿದ್ಲು. ಎಲ್ಲಿ ಮಡಗಿದಾರೆ, ಚೌಟ್ರೀಲಾ?"

"ದೊಡ್ಡಮ್ಮ, ಆ ರಿಸೆಪ್ಷನ್ ಅಲ್ಲ. ಸುಮ್ನಿರಿ, ಮೀಟಿಂಗ್ ನಡೀತಿದೆ."

ಇಷ್ಟು ಹೊತ್ತಿನ ಕನ್ನಡದಲ್ಲಿ ಮಿಸೆಸ್ ನಕಾಟೊಗೆ ತಿಳಿದದ್ದು ಒಂದೇ ಮಾತು. ಅವರ ಮುಖ ಅರಳಿತು. "ಯೆಸ್, ರಿಸೆಪ್ಷನ್. ಅಜ್ಜಿಗೆ ರಿಸೆಪ್ಷನ್ ಇಷ್ಟವೇ?"

ಸಿದ್ಧಗಂಗಮ್ಮ ಲ್ಯಾಪ್‌ಟಾಪಿಗೆ ಕೈಮುಗಿದರು. "ಶರಣು ಕಣವ್ವ. ರಿಸೆಪ್ಷನ್ ಐತಲ್ವಾ?"

"ಯೆಸ್, ಯೆಸ್, ರಿಸೆಪ್ಷನ್."

"ನೋಡ್ಲಾ, ಅವಮ್ಮಾನೇ ಐತೆ ಅಂತಾಳೆ. ಇಲ್ಲ ಅನ್ನಕ್ಕೆ ನೀನ್ಯಾರ್ಲಾ?"

ಒಬ್ಬರಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು. ಆದರೂ ಇಬ್ಬರದೂ ಒಂದೇ ಮಾತಾಗಿತ್ತು. ಎರಡೂ ಬಲ್ಲ ಉಪನ್ಯಾಸಕ ನಡುವೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದ. ಕೊನೆಗೆ ಸುಮನಾಳೇ ಗಂಡನನ್ನು ಪಕ್ಕಕ್ಕೆ ಸರಿಸಿ ಕೂತು, ತನ್ನ ಕಾರ್ಖಾನೆಯ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದಳು: "ಮೇಡಂ, ನಮಗೆ ಗೊತ್ತಿಲ್ಲ. ನಿಮ್ಮಲ್ಲಿ ರಿಸೆಪ್ಷನ್ ಅಂದರೆ ಏನು?"

"ಓ," ಎಂದರು ಮಿಸೆಸ್ ನಕಾಟೊ. "ಅದು ಕ್ಲಾಸಿನ ಹೆಸರು. ನಾಲ್ಕು ತುಂಬಿದ ಮಕ್ಕಳ ಮೊದಲ ಕ್ಲಾಸು. ಅದು ಮುಗಿದ ಮೇಲೆ ಇಯರ್ ಒನ್, ಇಯರ್ ಟೂ. ಆ ಎರಡು ಕ್ಲಾಸು ಸೇರಿ ಕೀ ಸ್ಟೇಜ್ ಒನ್."

ರೇಣುಕಾಪ್ರಸಾದ್ ಟೈ ಸಡಿಲಿಸಿದ. ಸುಮನಾ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಆಗ ಸೋಫಾದ ಹಿಂದಿನಿಂದ ಇಂಚರ ಬಂದಳು. ದೊಡ್ಡಜ್ಜಿಯ ಡಬ್ಬ ಅವಳನ್ನು ಎಳೆದು ತಂದಿತ್ತು. ಮಿಠಾಯಿ ಎತ್ತಿಕೊಂಡು, ಬಾಯಿಗೆ ಹಾಕುವ ಮುಂಚೆ ಪರದೆಯ ಹೆಂಗಸನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಮಿಠಾಯಿಯನ್ನು ಪರದೆಗೆ ಒತ್ತಿ ಹಿಡಿದು, "ಬೇಕಾ?" ಎಂದಳು.

ಮಿಸೆಸ್ ನಕಾಟೊ ಏನೂ ಕೇಳದೆ ಬಾಯಿ ಅಗಲಿಸಿ, ಕಣ್ಣು ಮುಚ್ಚಿ, ಗಬಕ್ಕನೆ ತಿಂದಂತೆ ಮಾಡಿ ಚಪ್ಪರಿಸಿದರು. ಇಂಚರ ಕಿಲಕಿಲನೆ ನಕ್ಕಳು. "ಇನ್ನೊಂದು ಕೊಡ್ಲಾ? ನಿಮ್ಮನೇಲಿರೋ ಮೊಲಾನೂ ಮಿಠಾಯಿ ತಿನ್ನುತ್ತಾ?" ಮನೆಯಾಚೆಯವರೊಬ್ಬರ ಜೊತೆ ಅವಳು ಇಷ್ಟು ಮಾತಾಡಿದ್ದು ಇದೇ ಮೊದಲು. ಮುಖ್ಯಸ್ಥೆಯೇ ಮಗುವಿನ ಜೊತೆ ಆಡುವ ಸಣ್ಣ ಶಾಲೆ ಎಂದರೇನೆಂದು ರೇಣುಕಾಪ್ರಸಾದನಿಗೆ ಅರ್ಥವಾದದ್ದು ಆಗಲೇ.

"ಮೇಡಂ, ಆ ಜಾಗ ನಮಗೇ ಇರಲಿ," ಎಂದ ಮೆತ್ತಗೆ. "ನನ್ನ ಪತ್ರ ಮರೆತುಬಿಡಿ."

"ಮರೆತೆ," ಎಂದರು ಆಕೆ ನಗುತ್ತ. ಆಮೇಲೆ ಮುಂದಕ್ಕೆ ಬಾಗಿ, ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ, ಕಿವುಡರಿಗೆ ಹೇಳುವಂತೆ ಅವನಿಗೆ ಹೇಳಿದರು. "ಮಿಸ್ಟರ್ ಪ್ರಸಾದ್, ನಾಚಿಕೆ ಬೇಡ. ನಮ್ಮ ಎಷ್ಟೋ ಅಪ್ಪ ಅಮ್ಮಂದಿರಿಗೆ ಇಂಗ್ಲಿಷ್ ಹೊಸದು. ಅಂಥವರಿಗೇ ಅಂತ ವಾರಕ್ಕೊಮ್ಮೆ ಬೆಳಿಗ್ಗೆ ಪಾಠ ಇದೆ. ಟೀ ಕೂಡ ಕೊಡುತ್ತೇವೆ. ನೀವು ಖಂಡಿತ ಬರಬೇಕು."

ತಾನು ಯಾರು, ಏನು ಕಲಿಸುತ್ತೇನೆ ಎಂದು ಹೇಳಲು ರೇಣುಕಾಪ್ರಸಾದ್ ಬಾಯಿ ತೆರೆದ. ಆಮೇಲೆ ತಲೆಯಾಡಿಸಿ, "ಥ್ಯಾಂಕ್ಯೂ ಮೇಡಂ," ಎಂದ.

ಪರದೆ ಆರಿತು. ಸಿದ್ಧಗಂಗಮ್ಮ ಸುಮನಾಳ ತೋಳು ಹಿಡಿದು ಕೇಳಿದರು, "ಕೊನೇಲಿ ಅಷ್ಟು ಹೊತ್ತು ಅವ್ನಿಗೇನೋ ಹೇಳಿದ್ಲಲ್ಲ, ಏನಂತೆ ಮಗಾ?"

ಸುಮನಾ ಡಬ್ಬದಿಂದ ಮಿಠಾಯಿ ತೆಗೆದು ಗಂಡನ ಕೈಗಿಟ್ಟಳು.

"ನಿಮ್ಮ ಮಗನಿಗೂ ಸೀಟು ಸಿಕ್ತು ದೊಡ್ಡಮ್ಮ."