ಮಂಟಪದಲ್ಲಿ ಡೊರೊತಿ

ಗಿಡಗಳ ವಿಷಯದಲ್ಲಿ ಜನ ಹೇಳುವಷ್ಟು ಸುಳ್ಳನ್ನು ಮದುವೆಯ ಮಾತುಕತೆಯಲ್ಲೂ ಹೇಳುವುದಿಲ್ಲ. ಮನೆ ಹಿಂದೆ ಒಂದು ನುಗ್ಗೆಮರ, ಅದರ ಬುಡದಲ್ಲಿ ಎರಡು ಬಸಳೆ ಬಳ್ಳಿ ಇದ್ದವನೂ ‘ನಮ್ಮ ತೋಟ’ ಅನ್ನುತ್ತಾನೆ. ಊರಲ್ಲಿದ್ದಾಗ ಇದು ಅಷ್ಟು ಅಪಾಯದ ಸುಳ್ಳಲ್ಲ. ಕೇಳಿದವನಿಗೂ ಸತ್ಯ ಗೊತ್ತಿರುತ್ತದೆ, ಅವನ ನುಗ್ಗೆಮರವೂ ನಿಮಗೆ ಗೊತ್ತಿರುತ್ತದೆ. ಆದರೆ ಸಮುದ್ರ ದಾಟಿ ಬಂದ ಮೇಲೆ ಇಂಥ ಸುಳ್ಳು ಹೇಳಬಾರದು. ನಂಬುವವರು ಸಿಕ್ಕಿಬಿಡುತ್ತಾರೆ.

ನಾನು ಬಹ್ರೇನಿನಲ್ಲಿ, ಸಲ್ಮಾಬಾದಿನ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ತೊಂಬತ್ತರ ದಶಕದ ನಡುವಿನ ಮಾತು ಇದು. ಮ್ಯಾನೇಜರ್ ಸಾಹೇಬರು ಇಂಗ್ಲೆಂಡಿನವರು, ಬುದಯ್ಯ ಕಡೆ ವಿಲ್ಲಾ. ಜುಲೈಯಲ್ಲಿ ಅವರು ಏಳು ವಾರದ ರಜೆಗೆ ಊರಿಗೆ ಹೊರಟಾಗ ಮೇಡಂ ಆಫೀಸಿಗೆ ಬಂದು, “ನನ್ನ ಆಫ್ರಿಕನ್ ವಯಲೆಟ್ ಗಿಡಗಳನ್ನು ಯಾರಾದರೂ ನೋಡಿಕೊಳ್ಳುತ್ತೀರಾ?” ಎಂದು ಕೇಳಿದರು. ಎಲ್ಲರೂ ಅವರವರ ಬೂಟು ನೋಡಿಕೊಂಡರು. ನಾನೊಬ್ಬ ಕೈ ಎತ್ತಿದೆ. “ಮೇಡಂ, ನಮ್ಮದು ಕೃಷಿಕ ಕುಟುಂಬ” ಎಂದೆ. ನನ್ನ ಅಪ್ಪ ಬಸ್ ಕಂಡಕ್ಟರ್. ನಮ್ಮ ಅಂಗಳದಲ್ಲಿದ್ದ ಏಕಮಾತ್ರ ಬೆಳೆ ಕರಿಬೇವು. ಅದೂ ಪಕ್ಕದ ಮನೆಯದು, ಪಾಗಾರ ದಾಟಿ ನಮ್ಮ ಕಡೆ ವಾಲಿತ್ತು.

ಇಷ್ಟೊಂದು ಹುಮ್ಮಸ್ಸು ಏಕೆ ಅಂತ ಕೇಳುತ್ತೀರಿ. ಕಂಪನಿಯ ಎರಡು ಬೆಡ್‌ರೂಮಿನ ಒಂದು ಫ್ಲಾಟು ಸೆಪ್ಟೆಂಬರಿನಲ್ಲಿ ಖಾಲಿಯಾಗುವುದಿತ್ತು. ಯಾರಿಗೆ ಅನ್ನುವುದು ಸಾಹೇಬರ ಒಂದು ಸಹಿಯ ಮೇಲಿತ್ತು. ನಾವಿದ್ದದ್ದು ಮನಾಮಾದ ಒಂದು ಓಣಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ. ನನ್ನ ಹೆಂಡತಿ ವಾರಿಜಾಳಿಗೆ ಆಗ ಐದು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಆದರೆ ನನಗೆ ರಜೆ ಎರಡು ವರ್ಷಕ್ಕೊಮ್ಮೆ, ಅವಳು ಊರಿಗೆ ಹೋದರೆ ನಾನು ಮಗುವನ್ನು ನೋಡುವುದು ಯಾವಾಗ? ನಮ್ಮ ವರ್ಕ್‌ಶಾಪಿನ ಒಬ್ಬ ವೆಲ್ಡರ್ ತನ್ನ ಮಗನನ್ನು ಮೊದಲ ಸಲ ನೋಡಿದಾಗ ಆ ಮಗು ಇವನಿಗೆ ‘ಅಂಕಲ್, ಕೂತ್ಕೊಳ್ಳಿ’ ಎಂದಿತ್ತಂತೆ. ಅವನು ಅದನ್ನು ನಗುತ್ತಲೇ ಹೇಳುತ್ತಿದ್ದ. ಅತ್ತೆಯನ್ನು ಇಲ್ಲಿಗೇ ಕರೆಸೋಣ ಎಂದರೆ ಅವರನ್ನು ಮಲಗಿಸಲು ಇನ್ನೊಂದು ಕೋಣೆ ಬೇಕು. ಅಂದರೆ ಸಾಹೇಬರ ಸಹಿ ಬೇಕು. ಸಹಿ ಬೇಕಾದರೆ ಮೇಡಮ್ಮನ ಗಿಡಗಳು ಬದುಕಬೇಕು. ನನ್ನ ಮಗು ನನ್ನನ್ನು ಅಪ್ಪ ಅನ್ನಬೇಕೋ ಅಂಕಲ್ ಅನ್ನಬೇಕೋ ಎಂಬುದು ಐದು ಹೂಕುಂಡಗಳ ಕೈಯಲ್ಲಿತ್ತು ಮಾರಾಯ್ರೆ.

ಗಿಡಗಳು ಬಂದವು. ಒಂದೊಂದೂ ಊಟದ ತಟ್ಟೆಯಷ್ಟು ಅಗಲ, ಬೆಕ್ಕಿನ ಕಿವಿಯ ಹಾಗೆ ರೋಮ ಇರುವ ಎಲೆಗಳು, ನಡುವೆ ನೇರಳೆ ಹೂಗಳ ಗುಂಪು. ಎಲ್ಲಕ್ಕಿಂತ ದೊಡ್ಡದರ ಹೂವಿಗೆ ಬಿಳಿ ಅಂಚು. ಅದರ ಹೆಸರು ಡೊರೊತಿ. ಹೌದು, ಮೇಡಂ ಗಿಡಗಳಿಗೆ ಹೆಸರಿಟ್ಟಿದ್ದರು. ಜತೆಗೆ ಎರಡು ಪುಟದ ಸೂಚನೆ ಬೇರೆ. ಬಿಸಿಲು ಬೀಳಬಾರದು, ಆದರೆ ಬೆಳಕು ಬೇಕು. ಏಸಿಯ ಗಾಳಿ ತಾಗಬಾರದು, ಆದರೆ ಸೆಕೆಯೂ ಆಗಬಾರದು. ಎಲೆಗೆ ನೀರು ಬೀಳಬಾರದು, ತಟ್ಟೆಯಲ್ಲಿ ನೀರಿಟ್ಟು ಬುಡದಿಂದ ಕುಡಿಸಬೇಕು. ವಾರಕ್ಕೊಮ್ಮೆ ಕುಂಡವನ್ನು ಸ್ವಲ್ಪ ತಿರುಗಿಸಬೇಕು. ವಾರಿಜಾ ಅದನ್ನೆಲ್ಲ ಓದಿಸಿ ಕೇಳಿ, “ಐದು ತಿಂಗಳ ಬಸುರಿ ನಾನು. ನನಗೆ ಡಾಕ್ಟರ್ ಕೂಡ ಇಷ್ಟು ಹೇಳಲಿಲ್ಲ” ಎಂದಳು.

ಒಂದು ಕೋಣೆಯ ಮನೆಯಲ್ಲಿ ಇವನ್ನು ಇಡುವುದೆಲ್ಲಿ? ಇದ್ದ ಎರಡು ಕಿಟಕಿಗಳಲ್ಲಿ ಒಂದನ್ನು ಏಸಿ ನುಂಗಿತ್ತು. ಇನ್ನೊಂದು ಪಶ್ಚಿಮಕ್ಕೆ, ಜುಲೈ ಮಧ್ಯಾಹ್ನ ಅಲ್ಲಿ ಹಪ್ಪಳ ಇಟ್ಟರೆ ಸುಟ್ಟೇ ಸಿಗುತ್ತಿತ್ತು. ಟಿವಿ ಮೇಲೆ ಇಟ್ಟೆವು, ಬಿಸಿಯಾಯಿತು. ಫ್ರಿಜ್ ಮೇಲೆ ಇಟ್ಟೆವು, ಅದು ಸ್ಟಾರ್ಟ್ ಆದಾಗಲೆಲ್ಲ ಐದೂ ಗಿಡಗಳು ಮೈಮೇಲೆ ದೈವ ಬಂದ ಪಾತ್ರಿಯ ಹಾಗೆ ನಡುಗಿದವು. ಗಾಳಿಯಲ್ಲಿ ತೇವ ಇದ್ದರೆ ಒಳ್ಳೆಯದು ಎಂದೂ ಸೂಚನೆಯಲ್ಲಿತ್ತು, ಬಚ್ಚಲಿಗೆ ಒಯ್ದು ವಾಷಿಂಗ್ ಮೆಷಿನ್ ಮೇಲೆ ಸಾಲಾಗಿ ಇಟ್ಟೆ. ಅಲ್ಲಿ ಅವು ಖುಷಿಯಾಗಿಯೇ ಇದ್ದವು, ಸಂಕಟ ನನ್ನದು. ಹಳದಿ ಕಣ್ಣಿನ ಹೂಗಳು ಐದೂ ಕುಂಡಗಳಿಂದ ನೋಡುತ್ತಿರುವಾಗ ಸ್ನಾನ ಮಾಡಿ ನೋಡಿ, ಗೊತ್ತಾಗುತ್ತದೆ. ಅದರಲ್ಲೂ ಡೊರೊತಿಯ ಎದುರು ನನಗೆ ಟವೆಲ್ ಬಿಚ್ಚಲು ಧೈರ್ಯ ಬರಲಿಲ್ಲ. ಎರಡನೇ ದಿನ ಅವಳ ಕುಂಡವನ್ನು ಗೋಡೆಯ ಕಡೆ ತಿರುಗಿಸಿದೆ. ಕುಂಡಕ್ಕೆ ಮುಖ ಎಲ್ಲಿಂದ ಬರಬೇಕು, ಎಲ್ಲ ಕಡೆಯೂ ಹೂವೇ.

ಕೊನೆಗೆ ದಾರಿ ಕಂಡದ್ದು ವಾರಿಜಾಳಿಗೆ. ಹಿಂದಿನ ವರ್ಷದ ಚೌತಿಗೆ ನಾನು ಗಣಪತಿಗೆ ಥರ್ಮಾಕೋಲಿನ ಮಂಟಪ ಮಾಡಿದ್ದೆ. ನಾಲ್ಕು ಕಂಬ, ಮೂರು ಮೆಟ್ಟಿಲು, ಒಳಗೆ ಒಂದು ಸಣ್ಣ ಟ್ಯೂಬ್‌ಲೈಟು. ಅದು ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಅದನ್ನು ಇಳಿಸಿದಳು. ಟಿವಿಯನ್ನು ಮಂಚದ ಕಾಲ ಬುಡಕ್ಕೆ ತಳ್ಳಿದಳು. ನನ್ನ ಕುರ್ಚಿಯನ್ನು ಬಾಲ್ಕನಿಗೆ ಗಡೀಪಾರು ಮಾಡಿದಳು. ಪ್ಲಾಸ್ಟಿಕ್ ಕುಂಡಗಳು ಕಾಣಬಾರದೆಂದು ಅವನ್ನು ಹಿತ್ತಾಳೆಯ ತಂಬಿಗೆಗಳೊಳಗೆ ಇಳಿಸಿದಳು. ಒಂದೇ ಎತ್ತರದಲ್ಲಿ ಸಾಲಾಗಿ ಇಟ್ಟರೆ ರೇಷನ್ ಅಂಗಡಿಯ ಹಾಗೆ ಕಾಣುತ್ತದೆ ಎಂದು ಕೆಳಗಿನ ಮೆಟ್ಟಿಲಿಗೆ ಎರಡು, ನಡುವೆ ಎರಡು, ತುದಿಯಲ್ಲಿ, ಸಾಕ್ಷಾತ್ ವಿಘ್ನೇಶ್ವರ ಕೂರುವ ಜಾಗದಲ್ಲಿ, ಡೊರೊತಿ. ಹಿಂದೆ ನನ್ನ ಶೇವಿಂಗ್ ಕನ್ನಡಿ ನಿಲ್ಲಿಸಿದಳು, ಐದು ಗಿಡ ಹತ್ತಾದವು. ಮಂಟಪದ ಎದುರು ತಟ್ಟೆಗಳಲ್ಲಿ ನೀರಿಟ್ಟು ಅದಕ್ಕೆ ಹಾಕಲು ಬುದಯ್ಯದ ಸಮುದ್ರ ಬದಿಯಿಂದ ಚಿಪ್ಪು ಆರಿಸಿ ತರಲು ನನ್ನನ್ನು ಓಡಿಸಿದಳು. ಸ್ವಿಚ್ ಹಾಕಿದಾಗ ಮಾತ್ರ, ಸುಳ್ಳು ಹೇಳಬಾರದು, ನನ್ನ ಬಾಯಿಂದ “ಆಹಾ” ಎಂದೇ ಬಂತು. ನಮ್ಮ ಮನೆಯಲ್ಲಿ ಅಷ್ಟು ಚಂದದ ಮೂಲೆ ಹಿಂದೆ ಇರಲಿಲ್ಲ. ಉಳಿದ ಮೂರು ಮೂಲೆಗಳಲ್ಲಿ ನಾವು ಮತ್ತು ನಮ್ಮ ಸಾಮಾನು ಹೇಗೋ ಬದುಕಿದೆವು.

ಚಂದ ಇದ್ದಲ್ಲಿ ಕಣ್ಣು ಬೀಳುತ್ತದೆ. ನಮ್ಮ ಕರಾವಳಿಯ ಹೆಂಗಸರು ಶುಕ್ರವಾರದ ರಜೆಯಲ್ಲಿ ಒಬ್ಬೊಬ್ಬರ ಮನೆಯಲ್ಲಿ ಸೇರಿ ಭಜನೆ ಮಾಡುತ್ತಿದ್ದರು. ಆ ವಾರ ಸರದಿ ನಮ್ಮದು. ಹದಿನಾಲ್ಕು ಹೆಂಗಸರು ಬಂದರು. ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಕಾಲಿಟ್ಟವರು ಮಂಟಪ, ದೀಪ, ತಂಬಿಗೆ ನೋಡಿ ಸೀದಾ ಹೋಗಿ ಡೊರೊತಿಗೆ ಕೈಮುಗಿದರು. ಶೈಲಕ್ಕ ಎಂಬವರು ನಮಗೆಲ್ಲ ಹಿರಿಯರು, ಅವರಂತೂ ಎರಡೂ ಕೆನ್ನೆಗೆ ಬಡಿದುಕೊಂಡು, “ಇದು ಯಾವ ದೇವರಿಗೆ ಆಗುವ ಹೂ ವಾರಿಜಾ?” ಎಂದು ಕೇಳಿದರು. ನಾನು ಅಡುಗೆಮನೆಯಿಂದ, “ಕಂಪನಿ ಕ್ವಾರ್ಟರ್ಸಿನ ದೇವರಿಗೆ” ಎಂದೆ. ಯಾರೂ ನಗಲಿಲ್ಲ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ವಾರಿಜಾಳಿಗೆ ಹೆಮ್ಮೆ ಉಕ್ಕಿತು. “ಇದಕ್ಕೆ ಬೀಜ ಬೇಡ, ಗೆಲ್ಲು ಬೇಡ. ಒಂದು ಎಲೆ ತೊಟ್ಟು ಸಮೇತ ಚಿವುಟಿ ನೀರಿನಲ್ಲಿಟ್ಟರೆ ಅದೇ ಗಿಡ ಆಗುತ್ತದಂತೆ!” ಎಂದುಬಿಟ್ಟಳು. ಹದಿನಾಲ್ಕು ಜೊತೆ ಕಣ್ಣುಗಳು ಡೊರೊತಿಯ ಕಡೆ ತಿರುಗಿದವು. ನಮ್ಮ ಊರಿನ ನಂಬಿಕೆ ನಿಮಗೆ ಗೊತ್ತಿದೆಯಲ್ಲ? ಕೇಳಿ ತಂದ ಗಿಡ ಬದುಕುವುದಿಲ್ಲ, ದುಡ್ಡು ಕೊಟ್ಟು ತಂದದ್ದು ಹೂ ಬಿಡುವುದಿಲ್ಲ, ಕದ್ದು ತಂದದ್ದು ಮಾತ್ರ ಚಿಗುರಿ ಚಿಗುರಿ ಬರುತ್ತದೆ. ಒಡವೆ ಬಿಚ್ಚಿಟ್ಟರೂ ಮುಟ್ಟದ ಮರ್ಯಾದಸ್ಥ ಹೆಂಗಸರು ಬೇರೆಯವರ ಅಂಗಳದ ದಾಸವಾಳದ ಗೆಲ್ಲನ್ನು ಸೆರಗಿನಡಿ ಮುರಿಯುತ್ತಾರೆ. ಅದು ಪಾಪದ ಲೆಕ್ಕಕ್ಕೆ ಬರುವುದಿಲ್ಲ, ಕೃಷಿಯ ಲೆಕ್ಕಕ್ಕೆ ಬರುತ್ತದೆ.

ಭಜನೆ ಆಯಿತು, ಮಂಗಳಾರತಿ ಆಯಿತು, ಅವಲಕ್ಕಿ ಆಯಿತು. ಆರತಿ ತೆಗೆದುಕೊಳ್ಳಲು ಒಬ್ಬೊಬ್ಬರೇ ಮಂಟಪದ ಹತ್ತಿರ ಹೋಗಿ ಬಾಗಿದರು. ಭಕ್ತಿ ಸ್ವಲ್ಪ ಜಾಸ್ತಿಯೇ ಬಾಗಿದೆ ಎಂದು ನನಗೆ ಅನಿಸಿತು. ಎಲ್ಲರೂ ಹೋದ ಮೇಲೆ ವಾರಿಜಾ ಆರತಿಗೆಂದು ಆರಿಸಿದ್ದ ಮಂಟಪದ ಲೈಟು ಹಾಕಿ ನೋಡಿ, “ಅಯ್ಯೋ ದೇವರೇ!” ಎಂದು ಕೂಗಿದಳು. ಬೇರೆ ನಾಲ್ಕನ್ನು ಒಬ್ಬರೂ ಮುಟ್ಟಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಬಿಳಿ ಅಂಚಿನದ್ದೇ. ತುಂಬಿದ ತಟ್ಟೆಯಂತಿದ್ದ ಡೊರೊತಿ ತಿರುಪತಿಯಿಂದ ಬಂದವಳ ಹಾಗೆ ಕೂತಿದ್ದಳು. ನಡುವೆ ನಾಲ್ಕು ಎಲೆ, ಮೇಲೆ ಎರಡು ಹೂ.

ವಾರಿಜಾ ಅತ್ತಳು. ನನ್ನ ಮೇಲೆ ಸಿಟ್ಟು, ತನ್ನ ಬಾಯಿಯ ಮೇಲೆ ಸಿಟ್ಟು, ಹದಿನಾಲ್ಕು ಜನರ ಮೇಲೆ ಸಿಟ್ಟು. “ಅಮ್ಮ ಬರುವ ಹಾಗಿಲ್ಲ ಇನ್ನು. ನಾನೇ ಊರಿಗೆ ಹೋಗುತ್ತೇನೆ, ಟಿಕೆಟ್ ಮಾಡಿ” ಎಂದಳು. “ಖಲ್ಲಿವಲ್ಲಿ, ಹೋಗಲಿ ಬಿಡು” ಎಂದು ನಾನು ಗಲ್ಫಿನವರ ಸರ್ವರೋಗದ ಮಂತ್ರ ಹೇಳಿದೆ. ಅವಳು ನೋಡಿದ ನೋಟಕ್ಕೆ ಉಳಿದ ನಾಲ್ಕು ಎಲೆಯೂ ಬಾಡಬೇಕಿತ್ತು. ಮರುದಿನದಿಂದ ಅವಳು ಡೊರೊತಿಯ ಆರೈಕೆಗೆ ನಿಂತಳು. ಏನು ಮಾಡಿದರೂ ಏಳು ವಾರ ಮುಗಿಯುವಾಗ ಬೆರಳುಗುರಿನಷ್ಟು ದೊಡ್ಡ ಮೂರು ಹೊಸ ಎಲೆ ಬಂದಿತ್ತು, ಅಷ್ಟೆ. ಮಗು ಹೊಟ್ಟೆಯಲ್ಲಿ ಬೆಳೆಯುವ ವೇಗ ನೋಡಿ, ಈ ಗಿಡದ ವೇಗ ನೋಡಿ ನನಗೆ ನಿದ್ದೆ ಹಾರಿಹೋಯಿತು.

ಗಿಡ ಒಯ್ಯಲು ಡ್ರೈವರ್ ಬರುತ್ತಾನೆ ಎಂದುಕೊಂಡಿದ್ದೆ. ಬಂದದ್ದು ಸ್ವತಃ ಮೇಡಂ. ಆ ಬಿಸಿಲಿನಲ್ಲಿ ಮೂರು ಮಹಡಿ ಹತ್ತಿ, ಟೊಮೆಟೊ ಬಣ್ಣಕ್ಕೆ ತಿರುಗಿ ಬಾಗಿಲಲ್ಲಿ ನಿಂತರು. ಮಂಟಪ ನೋಡಿದರು. ಕೈಯನ್ನು ಎದೆಯ ಮೇಲಿಟ್ಟುಕೊಂಡು, “ಎಷ್ಟು ಸುಂದರ!” ಎಂದರು. ಆಮೇಲೆ ತುದಿಯ ಮೆಟ್ಟಿಲು ನೋಡಿದರು. “ಡೊರೊತಿಗೆ ಏನಾಯಿತು?”

ನಾನು ಸಿದ್ಧನಾಗಿಯೇ ಇದ್ದೆ. ಏಸಿ ಕೆಟ್ಟದ್ದು, ಮೆಕ್ಯಾನಿಕ್ ಬಾರದ್ದು, ಬಿಸಿಗಾಳಿ ಒಳನುಗ್ಗಿದ್ದು, ನಾನು ಎರಡು ದಿನ ಊಟ ಬಿಟ್ಟು ಬೀಸಣಿಗೆ ಬೀಸಿದ್ದು, ಎಲ್ಲವನ್ನೂ ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಹೇಳಿದೆ. ಬೀಸಣಿಗೆಯ ಹತ್ತಿರ ಬರುವಾಗ ನನಗೇ ಕಣ್ಣೀರು ಬಂತು. ಅಷ್ಟರಲ್ಲಿ ಶರಬತ್ತಿನ ಗ್ಲಾಸು ಹಿಡಿದು ವಾರಿಜಾ ಬಂದಳು. ಅವಳದು ಏಳನೇ ಕ್ಲಾಸಿನ ಇಂಗ್ಲಿಷು. ಸುಳ್ಳು ಹೇಳಲು ಸಾಲುತ್ತಿರಲಿಲ್ಲ, ನಿಜ ಹೇಳಲು ಧಾರಾಳ ಸಾಕಿತ್ತು.

“ಏಸಿ ಗುಡ್, ಮೇಡಂ” ಎಂದಳು. “ಮೈ ಫ್ರೆಂಡ್ಸ್ ಸ್ಟೀಲಿಂಗ್. ಫೋರ್ಟೀನ್ ಲೇಡೀಸ್, ಫೋರ್ಟೀನ್ ಲೀಫ್. ಸ್ಟೀಲಿಂಗ್ ಪ್ಲಾಂಟ್, ಗುಡ್ ಗ್ರೋಯಿಂಗ್, ಅವರ್ ಪ್ಲೇಸ್.” ಆಮೇಲೆ ನನ್ನ ಕಡೆ ಗಲ್ಲ ಎತ್ತಿದಳು. “ಒನ್ ಮೋರ್ ಲೀಫ್, ಮೈ ಹಸ್ಬೆಂಡ್. ಹಿಸ್ ಆಫೀಸ್. ಟೀ ಗ್ಲಾಸ್.”

ಇದನ್ನು ನಾನು ನಿಮಗೂ ಹೇಳಿರಲಿಲ್ಲ, ಕ್ಷಮಿಸಬೇಕು. ಹದಿನಾಲ್ಕು ಜನ ಪರರು ಒಯ್ದ ಮೇಲೆ ಮನೆಯ ಯಜಮಾನನಿಗೆ ಒಂದು ಎಲೆಯ ಹಕ್ಕಿಲ್ಲವೇ ಎಂದು ಅನಿಸಿತ್ತು. ಭಜನೆಯ ಮರುದಿನ, ಶನಿವಾರ ಬೆಳಿಗ್ಗೆ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಸ್ಟೋರಿನ ಕಿಟಕಿಯಲ್ಲಿ ಚಹಾ ಗ್ಲಾಸಿನ ನೀರಿಗೆ ಹಾಕಿದ್ದೆ. ಜೇಬಿನ ಹಸಿರು ಕಲೆ ಒಗೆಯುವವಳು ಯಾರು, ವರ್ಕ್‌ಶಾಪಿನ ಸುದ್ದಿ ಭಜನೆಯಲ್ಲಿ ಯಾರ ಕಿವಿಗೆ ಬೀಳುತ್ತದೆ ಎಂಬುದು ಆಗ ನೆನಪಿಗೆ ಬಂದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಮೇಡಮ್ಮನ ಎದುರೇ ಜೇಬು ಮುಟ್ಟಿ ನೋಡಿಕೊಂಡೆ.

ಮೇಡಂ ನನ್ನನ್ನು ನೋಡಿದರು, ವಾರಿಜಾಳನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದರು ನೋಡಿ! ನಗುತ್ತ ನಗುತ್ತ ಕೂರಲು ಜಾಗ ಹುಡುಕಿದರು, ಕುರ್ಚಿ ಇರಲಿಲ್ಲ, ಮಂಚದ ಮೇಲೆಯೇ ಕೂತರು. ಡೊರೊತಿ ಕೂಡ ಯಾರದೋ ಮನೆಯ ಚಹಾಕೂಟದಿಂದ ಅವರ ಹ್ಯಾಂಡ್‌ಬ್ಯಾಗಿನಲ್ಲಿ ಒಂದು ಎಲೆಯಾಗಿ ಬಂದವಳಂತೆ. ಆ ಮನೆಯಾಕೆಯ ಹೆಸರನ್ನೇ, ಪಾಪನಿವೇದನೆಗೋ ಏನೋ, ಇವಳಿಗೆ ಇಟ್ಟದ್ದಂತೆ. ಕಣ್ಣೊರೆಸಿಕೊಂಡ ಮೇಲೆ ಅವರು ಮಂಚದ ಕಾಲಿಗೆ ಒರಗಿದ ಟಿವಿ ನೋಡಿದರು, ಬಾಲ್ಕನಿಯ ಕುರ್ಚಿ ನೋಡಿದರು, ವಾರಿಜಾಳ ಹೊಟ್ಟೆ ನೋಡಿದರು. ಫ್ಲಾಟಿಗೆ ನಾನು ಹಾಕಿದ್ದ ಅರ್ಜಿಯ ವಿಷಯ ಸಾಹೇಬರು ಹೇಳಿದ್ದರೋ ಏನೋ, “ನಿನ್ನ ತಾಯಿ ಬರುತ್ತಾರಂತೆ. ಎಲ್ಲಿ ಮಲಗುತ್ತಾರೆ?” ಎಂದು ಕೇಳಿದರು. ವಾರಿಜಾ ಮಂಟಪ ತೋರಿಸಿ, “ಹಿಯರ್, ಮೇಡಂ. ಫ್ಲವರ್ ಗೋ, ಮದರ್ ಕಮ್” ಎಂದಳು. ಮೇಡಂ ಈ ಸಲ ನಗಲಿಲ್ಲ. ಅವಳ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರು. ನಾಲ್ಕು ಗಿಡ ಒಯ್ದು ಡೊರೊತಿಯನ್ನು ಅವಳಿಗೇ ಬಿಟ್ಟು ಹೋದರು.

ಮೂರನೇ ದಿನ ಸಾಹೇಬರು ಕರೆದರು. ಫ್ಲಾಟಿನ ಕಾಗದಕ್ಕೆ ನನ್ನ ಎದುರೇ ಸಹಿ ಹಾಕಿದರು. ಕಾಗದವನ್ನು ಎರಡು ಕೈಯಲ್ಲಿ ಪ್ರಸಾದದಂತೆ ತೆಗೆದುಕೊಂಡೆ. “ಮನೆಯಲ್ಲಿ ಇಡೀ ಕಥೆ ಕೇಳಿದೆ, ತುಂಬಾ ನಕ್ಕೆವು” ಎಂದರು ಸಾಹೇಬರು. ಹಾಗೆಂದು ನಗುತ್ತಲೇ ಫೋನೆತ್ತಿ, ಸ್ವಲ್ಪವೂ ನಗದೆ, ಮಧ್ಯಾಹ್ನವೇ ಇಬ್ಬರು ಸ್ಟೋರಿಗೆ ಹೋಗಿ ಸ್ಟಾಕ್ ಪೂರ್ತಿ ಎಣಿಸಬೇಕು ಎಂದು ಆರ್ಡರ್ ಮಾಡಿದರು.

ಮೂರು ದಿನ ಎಣಿಸಿದರು ಮಾರಾಯ್ರೆ. ನಟ್ಟು, ಬೋಲ್ಟು, ವಾಷರು, ವೆಲ್ಡಿಂಗ್ ರಾಡು, ಗಮ್‌ಬೂಟು, ಒಂದೂ ಕಡಿಮೆ ಬರಲಿಲ್ಲ. ನಾನು ಎದೆ ಉಬ್ಬಿಸಿ ನಿಂತಿದ್ದೆ. ಕೊನೆಯಲ್ಲಿ ಎಣಿಸುವವರಲ್ಲಿ ಒಬ್ಬ ಕಿಟಕಿಯ ಹತ್ತಿರ ಹೋಗಿ ಚಹಾ ಗ್ಲಾಸನ್ನು ಎತ್ತಿ ಹಿಡಿದ. ಎಲೆಯ ಬುಡದಲ್ಲಿ ಎರಡು ಪುಟ್ಟ ಕಿವಿ ಚಿಗುರಿದ್ದವು. ಅವನು ಲಿಸ್ಟನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿ, “ಇದು ಹೆಚ್ಚುವರಿ ಇದೆ” ಎಂದು ಬರೆದುಕೊಂಡ. ನಾನು ಆ ಕಾಗದಕ್ಕೆ ಸಹಿ ಹಾಕಿದೆ.