ನನ್ನ ತಲೆಯ ಅಳತೆಯ ಕಟಕಟೆ

ಕೈಯಿಂದ ದುಡಿಯುವವನಿಗೆ ಒಂದು ಚಪಲವಿರುತ್ತದೆ. ಮಾಡಿದ ಕೆಲಸವನ್ನು ಊರೆಲ್ಲ ಹೊಗಳಿದರೂ ಸಾಲದು, ಮನೆಯವರು ಒಮ್ಮೆ ಕಣ್ಣಾರೆ ನೋಡಿ ‘ಹೂಂ’ ಅನ್ನಬೇಕು. ನನಗಂತೂ ಈ ಚಪಲ ಒಂದು ಕೈ ಹೆಚ್ಚೇ. ಉರ್ದು ಮಾಸ್ತರರ ಬೆತ್ತಕ್ಕೂ ನನ್ನ ಬೆನ್ನಿಗೂ ಹೊಂದಾಣಿಕೆಯಾಗದೆ ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಅಂದಿನಿಂದ ನನ್ನ ಅವ್ವ, “ನಮ್ಮ ಕಾಳಪ್ಪ ಓದಿದ್ರ ಕಚೇರಿಯಾಗ ಕುರ್ಚಿ ಮ್ಯಾಲ ಕುಂದ್ರತಿದ್ದ” ಎಂದು ಮನೆಗೆ ಬಂದವರ ಮುಂದೆಲ್ಲ ಹೇಳುವುದನ್ನು ಬಿಟ್ಟಿರಲಿಲ್ಲ. ಮಸ್ಕಿಯ ಅರ್ಧ ಊರಿಗೆ ಬಾಗಿಲು ಕೂಡಿಸಿದ ಬಡಿಗ ನಾನು. ಅವಳ ಈ ಒಂದು ಮಾತಿಗೆ ಬಾಗಿಲು ಕೂಡಿಸಲು ಮಾತ್ರ ಆಗಿರಲಿಲ್ಲ.

ಆ ಅವಕಾಶ ನಿಜಾಮ ಸರ್ಕಾರದ ಜುಬಿಲಿಯ ರೂಪದಲ್ಲಿ ಬಂತು. ಹುಜೂರರು ಗಾದಿಗೆ ಬಂದು ಇಪ್ಪತ್ತೈದು ವರ್ಷವಾಯಿತೆಂದು ಲಿಂಗಸುಗೂರಿನ ಛಾವಣಿ ಮೈದಾನದಲ್ಲಿ ದೊಡ್ಡ ಜಲಸಾ ಏರ್ಪಾಟಾಯಿತು. ಜಿಲ್ಲೆಗಳಿಗೆಲ್ಲ ಹಿರಿಯ ಅಧಿಕಾರಿಯಾದ ಸುಬೇದಾರ ಸಾಹೇಬರು ಬಂದು ಹುಜೂರರ ಫರ್ಮಾನು ಓದುವವರಿದ್ದರು. ಅವರು ಕೂಡುವ ತೇಗದ ಕುರ್ಚಿಯ ಕೆಲಸವೂ, ಜನರನ್ನು ತಡೆಯುವ ಜಾಲಿಕಟ್ಟಿಗೆಯ ಕಟಕಟೆಯ ಕೆಲಸವೂ ನನಗೇ ಬಂದವು. ಕುರ್ಚಿಯಲ್ಲಿ ಕೂಡುವುದಕ್ಕಿಂತ ಸಾಹೇಬರನ್ನು ಕೂಡಿಸುವ ಕುರ್ಚಿ ಮಾಡುವುದು ದೊಡ್ಡದೆಂದು ಅವ್ವನಿಗೆ ಅವತ್ತು ತೋರಿಸಲೇಬೇಕೆಂದು ಹಟ ಹಿಡಿದೆ.

ಕಟಕಟೆಯ ವಿಷಯದಲ್ಲಿ ಜಲಸಾದ ಬಂದೋಬಸ್ತು ನೋಡುವ ಜಮಾದಾರನ ಹುಕುಂ ಒಂದೇ ಇತ್ತು: ಕಂಬಗಳ ನಡುವೆ ಮನುಷ್ಯನ ತಲೆ ತೂರಬಾರದು. ಬಡಿಗನಿಗೆ ಅಳತೆಪಟ್ಟಿ ಯಾಕೆ? ಮೊಳಕ್ಕೆ ಕೈಯಿದೆ, ಗೇಣಿಗೆ ಬೆರಳಿವೆ, ತಲೆಗೆ ತಲೆಯೇ ಇದೆ. ಎರಡು ಕಂಬಗಳ ನಡುವೆ ನನ್ನ ತಲೆಯನ್ನೇ ಇಟ್ಟು ನೋಡಿ, ಅದು ಹಿಡಿಯದಷ್ಟು ಸಂದು ಬಿಟ್ಟು, ಮೊಳೆಯಿಲ್ಲದೆ ಬರೀ ಬೆಣೆ ಬಡಿದು ಬಿಗಿ ಮಾಡಿದೆ. ಊಟದ ಬುತ್ತಿ ತಂದ ನನ್ನ ಹೆಂಡತಿ ಈರಮ್ಮ ಬೆಣೆ ಬಡಿಯುವುದನ್ನು ನೋಡುತ್ತ ಕೂತವಳು, “ಆನಿ ಬಂದ್ರೂ ಅಲುಗಾಡಂಗಿಲ್ಲ ಬಿಡ್ರಿ” ಅಂದಳು. ಮೆಚ್ಚಿ ಹೇಳಿದಳೆಂದು ಆಗ ಹಿಗ್ಗಿದ್ದೆ. ಅಳತೆ ತೆಗೆಯುವಾಗ ತಲೆಯ ಮೇಲೆ ರುಮಾಲು ಸುತ್ತಿದ್ದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಜಲಸಾದ ದಿನ ಬಂಡಿ ಕಟ್ಟಿಕೊಂಡು ಮೂವರೂ ಹೊರಟೆವು. ಛಾವಣಿ ಮುಟ್ಟಿದಾಗ ಮೈದಾನದ ನೆಲ ಕಾಣಲಿಲ್ಲ, ರುಮಾಲುಗಳೇ ಕಂಡವು. ಸಿಂಧನೂರಿನ ಕಡೆಯವರು, ಹಟ್ಟಿ ಊರಿನವರು, ಎತ್ತ ನೋಡಿದರೂ ಜನವೋ ಜನ. ಅವ್ವನ ಕೈಹಿಡಿದು ನುಗ್ಗಿದೆ, ಈರಮ್ಮ ಬೆನ್ನಿಗೇ ಬಂದಳು. ಬೈದವರಿಗೆ ಉತ್ತರ ಕೊಡಲಿಲ್ಲ, ತುಳಿಸಿಕೊಂಡವರ ಕಾಲು ನೋಡಲಿಲ್ಲ. ಅಂತೂ ಕಟಕಟೆ ಮುಟ್ಟಿದೆವು. ಅಷ್ಟರಲ್ಲಿ ಜಮಾದಾರ ಸರಿಯಾಗಿ ನಮ್ಮ ಎದುರಿಗೇ ಬಾವುಟ ಹಾರಿಸುವ ದಪ್ಪ ನಿಶಾನಿ ಕಂಬ ನೆಡಿಸಿದ್ದ. ಅದರ ಹಿಂದೆ ಕುರ್ಚಿ ಮರೆಯಾಗಿತ್ತು.

“ಎಲ್ಲೈತೋ ನಿನ್ನ ಕುರ್ಚಿ?” ಎಂದಳು ಅವ್ವ.

“ಕಂಬದ ಹಿಂದೈತಿ, ಯವ್ವಾ.”

“ಹಂಗಾರ ಐತಂತ ನಾ ಹೆಂಗ ನಂಬಲಿ?”

ಈ ಮಾತಿಗೆ ನನ್ನ ತಲೆ ಬಿಸಿಯಾಯಿತು. ಸಾಹೇಬರು ಕೂತರೋ ಇಲ್ಲವೋ ನಾನಾದರೂ ನೋಡಿ ಹೇಳಬೇಕೆಂದು ರುಮಾಲು ತೆಗೆದು ಅವ್ವನ ಕೈಗೆ ಕೊಟ್ಟು ಕಟಕಟೆಯ ಕಂಬಗಳ ಸಂದಿನಲ್ಲಿ ತಲೆ ಒತ್ತಿದೆ. ಬರೀ ತಲೆ ಬೆಣ್ಣೆಯಲ್ಲಿ ಜಾರಿದ ಹಾಗೆ ಆ ಕಡೆ ಹೋಯಿತು. ಕುರ್ಚಿ ಕಂಡಿತು. ಸಾಹೇಬರೂ ಕಂಡರು. ಅವರು ನಿಂತೇ ಇದ್ದರು. ಹುಜೂರರ ಫರ್ಮಾನನ್ನು ಕೂತು ಓದುವುದು ಬೇಅದಬಿಯಂತೆ, ಮರ್ಯಾದೆಗೇಡಂತೆ! ಇದನ್ನು ಅವ್ವನಿಗೆ ಹೇಗೆ ಹೇಳಲಿ ಎಂದು ತಲೆ ಹಿಂದಕ್ಕೆ ಎಳೆದೆ. ಬರಲಿಲ್ಲ. ಹೋಗುವಾಗ ಮಡಚಿಕೊಂಡು ಸಹಕರಿಸಿದ್ದ ಎರಡು ಕಿವಿಗಳೂ ಬರುವಾಗ ಅಡ್ಡ ನಿಂತವು.

ಜಮಾದಾರ ಓಡಿಬಂದ. “ಅರೇ ಬಡಿಗೇರಾ! ಹುಜೂರ್ ಕಾ ಜಲಸಾ, ನಿಂದು ತಲಿ ಖಾಲಿ?” ದೊಡ್ಡವರ ಎದುರು ಬರಿದಲೆಯಲ್ಲಿರುವುದು ತಲೆ ಸಿಕ್ಕಿಸಿಕೊಳ್ಳುವುದಕ್ಕಿಂತ ದೊಡ್ಡ ತಪ್ಪಾಗಿತ್ತು. ರುಮಾಲು ಸುತ್ತಿದ ಹಾಗೆಯೇ ಸಂದಿನಲ್ಲಿ ತೂರುವಂತಿರಲಿಲ್ಲ. ಅಷ್ಟು ಚೊಕ್ಕ ಕೆಲಸ ನನ್ನದು. ಅವ್ವ ಅದನ್ನು ಬಿಚ್ಚಿ ಮೊಳ ಮೊಳವಾಗಿ ತೂರಿಸಿದಳು, ಜಮಾದಾರ ಆ ಕಡೆ ನಿಂತು ನನ್ನ ತಲೆಗೆ ಸುತ್ತಿದ. ಮರ್ಯಾದೆ ಮರಳಿತು. ಮರಳುವ ದಾರಿ ಮಾತ್ರ ಪೂರ್ತಿ ಮುಚ್ಚಿತು.

ಫರ್ಮಾನು ಮುಗಿಸಿ ಸಾಹೇಬರು ಇತ್ತಲೇ ನಡೆದುಬಂದರು. ಜಮಾದಾರ ಗರಗಸ ತರಿಸಿದ್ದ.

“ಮುಟ್ಟಬ್ಯಾಡ್ರಿ!” ಎಂದು ನಾನು ಒದರಿದೆ. “ಇಲ್ಲೇ ಇರ್ತೀನಿ, ನನ್ನ ಕಟಕಟಿ ಕೊಯ್ಯಾಕ ಕೊಡಂಗಿಲ್ಲ!”

ಸಾಹೇಬರು ನಿಂತು ಕಟಕಟೆಯನ್ನು ಎರಡು ಸಲ ಅಲುಗಿಸಿ ನೋಡಿದರು. ಕಟಕಟೆ ಅಲುಗಲಿಲ್ಲ, ನಾನೂ ಅಲುಗಲಿಲ್ಲ. “ಇದು ಯಾರ ಕೆಲಸ?” ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಬೆನ್ನ ಹಿಂದಿನಿಂದ ಅವ್ವನ ದನಿ ಬಂತು: “ನನ್ನ ಮಗಂದ್ರೀ! ಒಂದು ಮೊಳಿ ಬಡದಿಲ್ರೀ! ಬೇಕಾರ ಅವನ್ನೇ ಕೇಳ್ರಿ, ಎಲ್ಲೂ ಹೋಗಂಗಿಲ್ಲ ಅಂವ.”

ಸಾಹೇಬರು ನಕ್ಕರು. ಅವರು ನಕ್ಕ ಮೇಲೆ ಜಮಾದಾರನೂ ನಕ್ಕ, ಆಮೇಲೆ ಮೈದಾನಕ್ಕೆ ಮೈದಾನವೇ ನಕ್ಕಿತು. “ಶಾಬಾಸ್” ಎಂದು ಸಾಹೇಬರು ಮುಂದೆ ನಡೆದರು. ಅವರು ಹೋದಮೇಲೆ ಈರಮ್ಮ ಒಂದು ಕಲ್ಲು ತಂದು, ಯಾರನ್ನೂ ಕೇಳದೆ, ಮೇಲಿನ ಅಡ್ಡಪಟ್ಟಿಯ ಬೆಣೆಯನ್ನು ಎರಡೇ ಏಟಿಗೆ ಹಾರಿಸಿದಳು. ಕಂಬ ಸಡಿಲಾಯಿತು, ರುಮಾಲು ಸಮೇತ ಹೊರಬಿದ್ದೆ. “ಆನಿ ಬಂದ್ರ ಆಗಂಗಿಲ್ಲ ಅಂದಿದ್ದೆ. ನಾ ಬಂದ್ರ ಆಗಂಗಿಲ್ಲ ಅಂದಿದ್ನೇನ್ರಿ?” ಎಂದಳು.

ಬಂಡಿಯಲ್ಲಿ ಮಸ್ಕಿಗೆ ಮರಳುವಾಗ, ಸಾಹೇಬರು ಕುರ್ಚಿಯಲ್ಲಿ ಕೂತೇ ಇರಲಿಲ್ಲವೆಂದು ಅವ್ವನ ಮುಂದೆ ಒಪ್ಪಿಕೊಂಡೆ. ಅವಳು ಕೈ ಬೀಸಿ, “ಕುರ್ಚಿ ತಗೊಂಡು ಏನ್ ಮಾಡ್ತಿ? ಕುರ್ಚಿ ಮ್ಯಾಲ ಕುಂತೋರ್ನ ಸಾಹೇಬ್ರು ನಡದು ಬಂದು ಮಾತಾಡಿಸ್ತಾರೇನು?” ಎಂದಳು. ಅಂದಿನಿಂದ ಆ ಹಳೆಯ ಮಾತು ನಿಂತುಹೋಯಿತು. ಆದರೆ ಅದರ ಜಾಗಕ್ಕೆ, ನಾನು ಕಟಕಟೆಯಲ್ಲಿ ಸಿಕ್ಕ ಕಥೆ ಬಂತು. ಮನೆಗೆ ಬಂದವರಿಗೆಲ್ಲ ಅವ್ವ ಅದನ್ನು ಹೆಮ್ಮೆಯಿಂದ ಮೊದಲಿನಿಂದ ಹೇಳುತ್ತಾಳೆ, ಕಿವಿಯ ಜಾಗ ಬಂದಾಗ ನನ್ನನ್ನು ಹತ್ತಿರ ಕರೆದು ಹಿಡಿದು ತೋರಿಸುತ್ತಾಳೆ. ನಾನು ಬಗ್ಗಿ ಕಿವಿ ಕೊಡುತ್ತೇನೆ. ರುಮಾಲು ತೆಗೆದೇ.